ನಮ್ಮ ಮನೆಯ ರೈಲು ಪುರಾಣ

ನಮ್ಮ ಮನೆಯ ವ್ಯಾಸಪೀಠದ ಮೇಲೆ ಕೂತು ವಿಭೂತಿ ಹಚ್ಚಿಸಿಕೊಂಡ ಪುಸ್ತಕಗಳು ಎರಡೇ. ಒಂದು ಶರಣರ ಪುರಾಣ. ಇನ್ನೊಂದು ಇಂಗ್ಲೆಂಡಿನ ಯಾವುದೋ ಒಂದು ಸೀಮೆಯಲ್ಲಿ ಓಡಾಡುತ್ತಿದ್ದ ರೈಲಿನ ಇತಿಹಾಸ. ಆ ರೈಲು ಹೇಗೆ ಹುಟ್ಟಿತು, ಅದಕ್ಕೆ ಎಷ್ಟು ಇಂಜಿನ್ನು, ಎಂಥೆಂಥ ಡಬ್ಬಿ, ಯಾವುದಕ್ಕೆ ಎಷ್ಟು ಗಾಲಿ ಎಂಬುದನ್ನೆಲ್ಲ ಚಿತ್ರ ಸಮೇತ ಹೇಳುವ ಕೆಂಪು ರಟ್ಟಿನ ದಪ್ಪ ಪುಸ್ತಕ. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ಮುದುಕಿಗೆ ಅರಳುಮರಳು ಎಂದು ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಾರೆ. ಹೊಡೆಯಲಿ. ಉದಗೀರದಿಂದ ಎರಡು ಹರದಾರಿ ದೂರದ ನಮ್ಮ ಹಳ್ಳಿಯಲ್ಲಿ ಆಗ ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ, ನಿಜಾಮನ ಕಚೇರಿಯಲ್ಲಿ ಉರ್ದು ನಡೆಯುತ್ತಿತ್ತು. ಇಂಗ್ಲಿಷು ಎಂದು ಇಡೀ ಊರಿನಲ್ಲಿ ಇದ್ದದ್ದು ಆ ಪುಸ್ತಕ ಒಂದೇ. ಅದನ್ನು ತಂದವನು ನನ್ನ ಅಪ್ಪನ ತಮ್ಮ, ಶರಣಕಾಕಾ. ಅದನ್ನು ಪೀಠದ ಮೇಲೆ ಕೂರಿಸಿದವಳು ಇವರಿಬ್ಬರ ತಾಯಿ, ನನ್ನ ಅಜ್ಜಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ.

ಆಯಿಗೆ ಓದು ಬರುತ್ತಿರಲಿಲ್ಲ, ಆದರೆ ಓದಿಸಿಕೊಳ್ಳುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಶ್ರಾವಣ ಬಂತೆಂದರೆ ನಮ್ಮ ಪಡಸಾಲೆಯನ್ನು ಸಗಣಿಯಿಂದ ಸಾರಿಸಿ, ನಡುಗಂಬಕ್ಕೆ ಒರಗಿಸಿ ಪೀಠ ಇಟ್ಟು, ಸಂಜೆ ದೀಪ ಹಚ್ಚಿದ ಮೇಲೆ ತಿಂಗಳಿಡೀ ಪುರಾಣ. ಕಾಸಾರಶಿರಸಿಯಿಂದ ಒಬ್ಬ ಅಯ್ಯನವರು ಬಂದು ನಮ್ಮಲ್ಲೇ ಉಂಡು ಮಲಗಿ ಓದುತ್ತಿದ್ದರು. ಮೂವತ್ತು ಶ್ರಾವಣ ಕೇಳಿ ಕೇಳಿ ಆಯಿಗೆ ಪುರಾಣ ಬಾಯಿಪಾಠವಾಗಿತ್ತು. ಒಂದು ವರ್ಷ ಐದನೆಯ ದಿನ ಅಡಿಗೆಮನೆಯಿಂದ ಹುಗ್ಗಿಯ ವಾಸನೆ ಬಂತೋ ಏನೋ, ಅಯ್ಯನವರು ನಡುವೆ ಒಂದಿಷ್ಟು ಪದ್ಯ ಹಾರಿಸಿ ಮಂಗಳಕ್ಕೆ ಬಂದುಬಿಟ್ಟರು. ಆಯಿ ಕೂತಲ್ಲಿಂದಲೇ ಕೇಳಿದಳು:

"ಅಯ್ಯನವ್ರೇ, ಹನ್ನೊಂದು ಪದ್ಯ ಎಲ್ಲಿ ಹ್ವಾದ್ವು?"

"ಎಲ್ಲಿ ಹೋಗ್ತಾವ ತಾಯಿ, ಪುಸ್ತಕದಾಗೇ ಅವ."

"ಪುಸ್ತಕದಾಗ ಇದ್ರ ನಮಗೇನು ಬಂತ್ರೀ? ಕಿವ್ಯಾಗ ಬರ್ಬೇಕು."

ಅಯ್ಯನವರಿಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಬಲ್ಲವರು ನೀವೇ ಓದಿಕೊಳ್ಳಿರಿ ಎಂದು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮರುದಿನ ಬೆಳಿಗ್ಗೆ ಶಿರೂರ ಅನಂತಪಾಳದ ದಾರಿ ಹಿಡಿದರು. ಹುಗ್ಗಿ ಉಂಡೇ ಹೋದರು, ಅದು ಬೇರೆ ಮಾತು. ಆದರೆ ಹೂಡಿದ ಪುರಾಣವನ್ನು ಶ್ರಾವಣ ಮುಗಿಯುವ ಮೊದಲು ನಿಲ್ಲಿಸಿದರೆ ಮನೆಗೆ ಕೇಡು ಎಂಬುದು ಆಯಿಯ ನಂಬಿಕೆ. ಪೀಠ ಖಾಲಿ ಇರಬಾರದು. ಮನೆಯಲ್ಲಿ ಬೇರೆ ಪುಸ್ತಕ ಯಾವುದಿದೆ? ಎಲ್ಲರ ಕಣ್ಣೂ ಶರಣಕಾಕಾನ ಟ್ರಂಕಿನ ಕಡೆ ತಿರುಗಿತು.

ಕಾಕಾ ಮೂರು ವರ್ಷ ವಾಡಿಯ ಕಡೆ ರೈಲುದಾರಿ ಅಳೆಯುವ ಒಬ್ಬ ಬಿಳಿ ಸಾಹೇಬನ ಹತ್ತಿರ ತಂಬು ಹೊಡೆಯುವ ಆಳಾಗಿದ್ದ. ಆ ಸಾಹೇಬ ತನ್ನ ದೇಶಕ್ಕೆ ಮರಳುವಾಗ ಒಂದು ಟೊಪ್ಪಿಗೆಯನ್ನೂ ತನ್ನ ಊರ ಕಡೆಯ ರೈಲಿನ ಈ ಪುಸ್ತಕವನ್ನೂ ಕೊಟ್ಟು ಹೋಗಿದ್ದ. ಅಂದಿನಿಂದ ಕಾಕಾನ ತಲೆಯ ಹೊರಗೆ ಟೊಪ್ಪಿಗೆ, ತಲೆಯ ಒಳಗೆ ರೈಲು. ರೈಲಿನವರು ಉರುಳುವ ಸಾಮಾನನ್ನೆಲ್ಲ ಒಂದು ಪಟ್ಟಿಯಲ್ಲಿ, ಉರುಳದ್ದನ್ನು ಇನ್ನೊಂದರಲ್ಲಿ ಬರೆದು ಉರುಳುವುದಕ್ಕೆಲ್ಲ ನಂಬರು ಹಾಕುತ್ತಾರಂತೆ. ಅದಕ್ಕೆ ಕಾಕಾ ನಮ್ಮ ಎರಡು ಬಂಡಿಗಳಿಗೂ ಸುಣ್ಣದಲ್ಲಿ ಒಂದು, ಎರಡು ಎಂದು ಬರೆದ. ಊಟದ ಪಂಕ್ತಿಯಲ್ಲಿ ಅಪ್ಪ ಇಂಜಿನ್ನು, ನಾವೆಲ್ಲ ಡಬ್ಬಿ, ಕೊನೆಯಲ್ಲಿ ಕೂರುವ ನಾನು ಗಾರ್ಡು. ನಾನು ಕೈ ಎತ್ತುವ ತನಕ ಯಾರೂ ರೊಟ್ಟಿ ಮುರಿಯುವಂತಿಲ್ಲ. ಬೀಸುವ ಕಲ್ಲು ಉರುಳುತ್ತದೆಯೋ ಬರೀ ತಿರುಗುತ್ತದೆಯೋ ಎಂದು ಒಂದು ದಿನ ಅಪ್ಪನಿಗೂ ಕಾಕಾನಿಗೂ ಮಾತಿಗೆ ಮಾತು ಬೆಳೆದು, ಇಬ್ಬರೂ ಎರಡು ಹೊತ್ತು ಮಾತು ಬಿಟ್ಟರು. ಹೋಳಿಗೆ ಲಟ್ಟಿಸುತ್ತಿದ್ದ ಚಿಕ್ಕವ್ವ, ಅಂದರೆ ಕಾಕಾನ ಹೆಂಡತಿ, ಲಟ್ಟಣಿಗೆಯನ್ನೇ ಪಡಸಾಲೆಗೆ ಎಸೆದಳು. ವಲಾಂಡಿಯವಳಾದ ಆಕೆಗೆ ತಾಳ್ಮೆ ಹುಟ್ಟಿನಿಂದಲೇ ಕಡಿಮೆ.

"ನೋಡ್ರಿ, ಇದೂ ಉರುಳ್ತದ. ಇದಕ್ಕೂ ನಂಬರ್ ಹಾಕ್ರಿ. ಆಮ್ಯಾಲ ನಿಮ್ಮ ಬೆನ್ನ ಮ್ಯಾಲ ಉರುಳಿಸ್ತೀನಿ, ಅದನ್ನೂ ಬರಕೋರಿ."

ಇಂಥ ಕಾಕಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಟೊಪ್ಪಿಗೆ ಬಿಟ್ಟು ರುಮಾಲು ಸುತ್ತಿ ಪೀಠದ ಮುಂದೆ ಕೂತ. ಅಪ್ಪ ಒಂದೇ ಒಂದು ಸಲ ತಕರಾರು ತೆಗೆದ.

"ಅವ್ವಾ, ಇದರಾಗ ದೇವರು ಎಲ್ಲಿ ಅದಾನ?"

"ಗಾಲಿ ಅವೋ ಇಲ್ಲೋ? ಬೆಂಕಿ ಅದೋ ಇಲ್ಲೋ? ಅಷ್ಟಿದ್ರ ದೇವರು ತಾನಾಗೇ ಬರ್ತಾನ. ನೀ ಓದೋ ಶರಣ್ಯಾ."

ಹೀಗೆ ರೈಲು ಪುರಾಣ ಶುರುವಾಯಿತು. ಆಡಿಕೊಳ್ಳುತ್ತಿಲ್ಲ, ಅಷ್ಟು ಚಂದದ ಪುರಾಣ ಮತ್ತೆ ನಾನು ಕೇಳಿಲ್ಲ. ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ಒಂದು ಸೀಮೆ. ಅಲ್ಲಿ ಮೊದಲು ಕಬ್ಬಿಣದ ದಾರಿಯ ಮೇಲೆ ಕುದುರೆಗಳೇ ಕಲ್ಲಿದ್ದಲಿನ ಡಬ್ಬಿ ಎಳೆಯುತ್ತಿದ್ದವು. ಒಂದು ದಿನ ಉದ್ದ ಕೊರಳಿನ ಮೊದಲ ಇಂಜಿನ್ನು ಬಂತು. ಕುದುರೆಗಳು ನಿಂತು ನೋಡಿದವು, ಆಮೇಲೆ ಅವು ಅದೇ ರೈಲಿನಲ್ಲಿ ಕುದುರೆ ಡಬ್ಬಿ ಹತ್ತಿ ಸಂತೆಗೆ ಹೋಗತೊಡಗಿದವು. ಮೂರನೆಯ ದರ್ಜೆಯ ಡಬ್ಬಿಗಳಿಗೆ ಆಗ ಮೇಲುಹೊದಿಕೆ ಇರಲಿಲ್ಲ. ಮಳೆ ಬಂದರೆ ನೀರು ಇಳಿಯಲಿ ಎಂದು ತಳದಲ್ಲಿ ತೂತು ಕೊರೆದಿದ್ದರು. ಇದನ್ನು ಕೇಳಿ ನಮ್ಮ ಓಣಿಯ ಹೆಂಗಸರು ಲೊಚಗುಟ್ಟಿದರು. ಹಾಲಿಗೆ ಬೇರೆ ಡಬ್ಬಿ, ಮೀನಿಗೆ ಬೇರೆ ಡಬ್ಬಿ, ಹೆಣಕ್ಕೂ ಒಂದು ಡಬ್ಬಿ. ಒಂದೇ ಊರಿಗೆ ಎರಡು ಕಂಪನಿಗಳು ಜಿದ್ದಿನಿಂದ ಎರಡು ಸ್ಟೇಷನ್ ಕಟ್ಟಿ, ಕೊನೆಗೆ ದೊಡ್ಡ ಕಂಪನಿ ಸಣ್ಣದನ್ನು ನುಂಗಿ ಇಂಜಿನ್ನುಗಳ ಹಸಿರು ಬಣ್ಣ ಅಳಿಸಿ ಕೆಂಪು ಬಳಿದ ದಿನ ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಗಂಡನ ಮನೆಗೆ ಹೋದವಳಿಗೆ ಹೆಸರು ಬದಲಿಸಿದ ಹಾಗೇ ಆಯಿತಲ್ಲ ಎಂದಳು. ಬೀರಪ್ಪನ ಭಕ್ತ, ಕುರಿ ಕಾಯುವ ಮಾಳಪ್ಪ ಮಾತ್ರ ದಿನಾ ಬಾಗಿಲ ಹತ್ತಿರ ಕಂಬಳಿ ಹಾಸಿ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದ.

"ಶರಣಪ್ಪಾ, ಕುರಿ ಎಲ್ಲಿ ಕುಂದರ್ತಾವ?"

"ಕುರಿಗಿ ಎರಡಂತಸ್ತಿನ ಡಬ್ಬಿ, ಮಾಳಪ್ಪಾ. ಕೆಳಗ ಒಂದು ಹಿಂಡು, ಮ್ಯಾಲ ಒಂದು ಹಿಂಡು."

"ಮ್ಯಾಲಿನ ಕುರಿ ಉಚ್ಚಿ ಹೊಯ್ದ್ರ?"

ಇದಕ್ಕೆ ಪುಸ್ತಕದಲ್ಲಿ ಉತ್ತರ ಇರಲಿಲ್ಲವೆಂದು ಕಾಣುತ್ತದೆ. ಕಾಕಾ ಕೆಮ್ಮಿದ. ಕೆಮ್ಮಿದರೆ ಪುಟ ತಿರುಗಿಸಬೇಕು ಎಂದು ನನಗೆ ಸೂಚನೆ. ಪಕ್ಕದಲ್ಲಿ ಕೂತು ಪುಟ ತಿರುಗಿಸುವ ಕೆಲಸ ನನ್ನದಾಗಿತ್ತು.

ಹಾಗೆ ಕೂತಿದ್ದರಿಂದಲೇ ಎರಡನೆಯ ಶ್ರಾವಣದಲ್ಲಿ ನನಗೆ ಸಂಶಯ ಹುಟ್ಟಿತು. ಆಗ ನನಗೆ ಒಂಬತ್ತು ವರ್ಷ. ಚಿತ್ರದ ಕೆಳಗೆ ಒಂದೇ ಒಂದು ಸಾಲು ಇದ್ದ ಪುಟವನ್ನು ಕಾಕಾ ದೀಪದ ಎಣ್ಣೆ ತೀರುವ ತನಕ ಓದುತ್ತಿದ್ದ. ಮೇಲಿಂದ ಕೆಳಗಿನವರೆಗೆ ಇರುವೆ ಸಾಲಿನಂತೆ ಅಕ್ಷರ ತುಂಬಿದ ಪುಟಕ್ಕೆ, "ಇದೆಲ್ಲಾ ಸ್ತುತಿ" ಎಂದು ಒಂದೇ ಕೆಮ್ಮು. ಅಯ್ಯನವರ ಹನ್ನೊಂದು ಪದ್ಯ ಹಿಡಿದ ಆಯಿ ಇದನ್ನು ಹಿಡಿಯಲಿಲ್ಲ, ಏಕೆಂದರೆ ಈ ಪುರಾಣವನ್ನು ಆಕೆ ಮೊದಲು ಕೇಳಿರಲಿಲ್ಲ. ನಾನು ಒಂದು ಮಧ್ಯಾಹ್ನ ಹಿತ್ತಲ ಬಣವೆಯ ಹಿಂದೆ ಕಾಕಾನನ್ನು ತಡೆದು ನಿಲ್ಲಿಸಿದೆ.

"ಕಾಕಾ, ನಿನಗ ಓದ್ಲಾಕ ಬರಂಗಿಲ್ಲ."

ಕಾಕಾ ಸುತ್ತಲೂ ನೋಡಿದ. "ಯಾರು ಹೇಳ್ಯಾರ?"

"ಹ್ವಾದ ಶ್ರಾವಣದಾಗ ಆ ಕರೀ ಇಂಜಿನ್ನಿಗಿ ಇಬ್ಬರು ಅಣ್ಣ ಇದ್ರು. ಈ ಸಲ ಒಬ್ಬಾಕಿ ತಂಗಿ ಬಂದಾಳ."

"ವರ್ಷ ಆಯ್ತಲ್ಲ, ನೀಲಿ. ಹುಟ್ಟಿರಬೇಕು."

ನಾನು ನಗಲಿಲ್ಲ. ಕಾಕಾ ಬಣವೆಗೆ ಒರಗಿ ಕುಸಿದು ಕೂತ. ಸಾಹೇಬ ಸಂಜೆಗೊಮ್ಮೆ ಚಿತ್ರ ತೋರಿಸುತ್ತ ಮುರುಕು ಉರ್ದುವಿನಲ್ಲಿ ಹೇಳಿದ್ದು ಅರ್ಧ, ತನ್ನ ಹೊಟ್ಟೆಯಿಂದ ಬಂದದ್ದು ಅರ್ಧ ಎಂದು ಒಪ್ಪಿಕೊಂಡ. ತೂತಿನ ಡಬ್ಬಿ, ಹೆಣದ ಡಬ್ಬಿ, ಎರಡಂತಸ್ತಿನ ಕುರಿ ಡಬ್ಬಿ ಖರೆ. ಉಳಿದದ್ದು ಹೆಚ್ಚಾಗಿ ತಾನೇ ಕಟ್ಟಿದ್ದು. ನನಗೆ ಸಿಟ್ಟು ಬರಬೇಕಾಗಿತ್ತು. ಆದರೆ ನಿಜ ಹೇಳುತ್ತೇನೆ, ಎದೆಯೊಳಗೆ ಹಬ್ಬವಾಯಿತು. ಕಥೆ ಅಂದರೆ ಎಲ್ಲೋ ಮೊದಲೇ ಬರೆದಿಟ್ಟದ್ದು ಎಂದುಕೊಂಡಿದ್ದೆ. ಯಾರು ಬೇಕಾದರೂ ಕಟ್ಟಬಹುದು ಎಂದು ಗೊತ್ತಾದದ್ದು ಆ ಬಣವೆಯ ಹಿಂದೆ. ಬಾಯಿ ಮುಚ್ಚಿಕೊಂಡಿರಲು ನಾನು ಕೇಳಿದ ಲಂಚ ಒಂದೇ: ಕೊನೆಯ ದಿನದ ಕಥೆಯನ್ನು ನಾನು ಕಟ್ಟುತ್ತೇನೆ, ಕಾಕಾ ಓದಬೇಕು.

ಪುಸ್ತಕದ ಕೊನೆಯ ಕಡೆ ಒಂದು ಚಿತ್ರ ಇತ್ತು. ಹಳಿ ನೇರ ಬರುತ್ತ ಬರುತ್ತ ಒಂದು ಕಡೆ ಸುಮ್ಮನೆ ಬಾಗಿ ಹೋಗುತ್ತಿತ್ತು. ಯಾಕೆ ಬಾಗಿತು? ಇದಕ್ಕೆ ನಾನು ಕಟ್ಟಿದ ಕಥೆ ಇಷ್ಟು. ಆ ಸೀಮೆಯಲ್ಲಿ ಮೇರಿಬಾಯಿ ಎಂಬ ಮುದುಕಿ. ಆಕೆಗೆ ಒಂದು ಹೊಲ, ಹೊಲದಲ್ಲಿ ಒಂದು ಸಿಹಿನೀರಿನ ಬಾವಿ. ರೈಲಿನವರು ಬಾವಿ ಮುಚ್ಚಿ ಅದರ ಮೇಲೆ ದಾರಿ ಹಾಕಿದರು. ಮೊದಲ ಗಾಡಿ ಬಂತು. ಬಾವಿ ಇದ್ದ ಜಾಗಕ್ಕೆ ಬಂದದ್ದೇ ಇಂಜಿನ್ನು ನಿಂತಿತು. ಎಷ್ಟು ಕಲ್ಲಿದ್ದಲು ಹಾಕಿದರೂ ಮುಂದೆ ಹೆಜ್ಜೆ ಇಡಲೊಲ್ಲದು. ಮೂರು ದಿನ ನಿಂತ ಮೇಲೆ ಸಾಹೇಬರು ಬಂದು ಮೇರಿಬಾಯಿಯ ಕಾಲಿಗೆ ಬಿದ್ದು, ಬಾವಿ ತೆರೆಸಿ, ದಾರಿ ಬಾಗಿಸಿದರು. ಆಗ ಇಂಜಿನ್ನು ಹೊರಟಿತು. ನಾನು ಮುದುಕಿಗೆ ಹಸಿರು ಸೀರೆ ಉಡಿಸಿದ್ದೆ. ಕಾಕಾ ಓದುವಾಗ, ಅಲ್ಲಿ ಗೌನು ತೊಡುತ್ತಾರೆಂದು ತಿದ್ದಿದ. ವಯಸ್ಸಾದ ಹೆಂಗಸು ಲಂಗ ತೊಟ್ಟು ಸಾಹೇಬರ ಮುಂದೆ ನಿಲ್ಲುವುದೇ ಎಂದು ಆಯಿ ಎಷ್ಟು ನೊಂದುಕೊಂಡಳೆಂದರೆ, ಕಾಕಾ ಇನ್ನೊಂದು ಸಲ ಪುಟ ನೋಡಿದಂತೆ ಮಾಡಿ ಸೀರೆ ಇದೆ ಎಂದು ಒಪ್ಪಿಕೊಳ್ಳಬೇಕಾಯಿತು. ಕಥೆ ಮುಗಿದಾಗ ಆಯಿ ಅಳುತ್ತಿದ್ದಳು. ಆ ಶ್ರಾವಣ ಮುಗಿದ ಮೇಲೂ ಎರಡು ಸಲ ಅದನ್ನೇ ಓದಿಸಿದಳು.

ಆಯಿ ಯಾಕೆ ಅತ್ತಳೆಂದು ಊರಿಗೆಲ್ಲ ಗೊತ್ತಿತ್ತು. ನಮ್ಮ ಕರಿಯ ಹೊಲದ ಬಾವಿಯನ್ನು ಆಕೆ, ಆಕೆಯ ಗಂಡ ಇಬ್ಬರೇ ತೋಡಿದ್ದರು. ಅಪ್ಪ ಹೊಟ್ಟೆಯಲ್ಲಿದ್ದಾಗ ಆಕೆ ಮಣ್ಣಿನ ಬುಟ್ಟಿ ಹೊತ್ತಿದ್ದಳು. ಊರಬಾವಿ ಸೌಳು, ನಮ್ಮ ಬಾವಿ ಸಿಹಿ. ಅರ್ಧ ಊರು ಅದರ ನೀರು ಕುಡಿಯುತ್ತಿತ್ತು. ಆ ಚಳಿಗಾಲದಲ್ಲಿ ಬೀದರಿನಿಂದ ಉದಗೀರಕ್ಕೆ ರೈಲುದಾರಿ ಅಳೆಯುವವರು ಬಂದರು. ಸರಪಳಿ ಎಳೆದು, ಬಿಳಿ ಬಾವುಟ ನೆಟ್ಟು, ಗೂಟ ಹೊಡೆಯುತ್ತ ಬಂದವರು ಒಂದು ಗೂಟವನ್ನು ಬಾವಿಯ ಈ ಕಡೆ, ಇನ್ನೊಂದನ್ನು ಆ ಕಡೆ ಹೊಡೆದು ಹೋದರು. ಎರಡಕ್ಕೂ ನಡುವೆ ದಾರ ಕಟ್ಟಿದರೆ ಅದು ಬಾವಿಯ ನೆತ್ತಿಯ ಮೇಲೇ ಹಾಯುತ್ತಿತ್ತು. ಊರ ಜಮೀನಿನ ಲೆಕ್ಕ ಬರೆಯುವ ಪಟವಾರಿ ಬಂದು, ಬಾವಿ ಮುಚ್ಚುತ್ತಾರೆ, ಪರಿಹಾರಕ್ಕೆ ಅರ್ಜಿ ಕೊಡಿ ಎಂದ. ಅಪ್ಪ ಅರ್ಜಿ ಬರೆಸಲು ಹೊರಟ. ಆಯಿ ತಡೆದಳು.

"ಅರ್ಜಿ ಯಾಕ? ಸಾಹೇಬನ ಪುಸ್ತಕದಾಗೇ ಅದ. ಮುದುಕಿ ಬಾವಿಗಾಗಿ ಹಳಿ ಬಾಗಿಸ್ಯಾರ. ಶರಣ್ಯಾ, ಬಂಡಿ ಹೂಡು. ಆ ಪುಟ ತೋರಿಸಿ ಬರಮು."

ಕಾಕಾನ ಮುಖ ನೋಡುವ ಹಾಗಿರಲಿಲ್ಲ. ಅಂದೇ ಅವನಿಗೆ ಹೊಟ್ಟೆನೋವು ಹತ್ತಿತು. ಚಿಕ್ಕವ್ವ ಎಷ್ಟು ಓಮಿನ ಕಷಾಯ ಕುಡಿಸಿದಳೆಂದರೆ ಸುಳ್ಳು ಹೊಟ್ಟೆನೋವು ಹೋಗಿ ಖರೆ ಹೊಟ್ಟೆನೋವು ಬಂತು. ನನಗೆ ಯಾವ ಕಷಾಯವೂ ಇರಲಿಲ್ಲ. ಕಥೆ ನನ್ನದು, ಬಾವಿ ಉಳಿಯದಿದ್ದರೆ ಆಯಿಯನ್ನು ಬಯಲಲ್ಲಿ ನಿಲ್ಲಿಸಿ ನಗೆಗೀಡು ಮಾಡಿದವಳು ನಾನೇ. ಆಕೆ ಹೂಬತ್ತಿ ಹೊಸೆಯುತ್ತಿದ್ದಾಗ ಹತ್ತಿರ ಹೋಗಿ ಕೂತು ಸುತ್ತುಬಳಸಿ ಕೇಳಿದೆ.

"ಆಯೀ, ಒಂದು ವ್ಯಾಳ್ಯಾ ಪುಸ್ತಕದಾಗಿಂದು ಸುಳ್ಳ ಇದ್ರ?"

"ಪೀಠದ ಮ್ಯಾಲ ಕುಂತಿದ್ದು ಸುಳ್ಳ ಹ್ಯಾಂಗ ಆಗ್ತದ ಹುಚ್ಚಿ?"

ಮರುದಿನ ಒಂದನೇ ನಂಬರಿನ ಬಂಡಿ ಹೊರಟಿತು. ಆಯಿ ಹೊಸ ಸೀರೆ ಉಟ್ಟು, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಮುಂದೆ ಕೂತಳು. ಹಿಂದೆ ಹೊಟ್ಟೆ ಹಿಡಿದುಕೊಂಡ ಕಾಕಾ, ಪಕ್ಕದಲ್ಲಿ ನಾನು. ಸಾಕ್ಷಿಗಿರಲಿ ಎಂದು ಮಾಳಪ್ಪ ಬಂಡಿಯ ಹಿಂದೆ ನಡೆದು ಬಂದ. ಅವನಿಗೂ ಆ ಕಥೆ ಬಾಯಿಪಾಠವಾಗಿತ್ತು.

ಉದಗೀರದ ಹಾದಿಯಲ್ಲಿ ಹುಣಸೆಮರಗಳ ಕೆಳಗೆ ದಾರಿ ಅಳೆಯುವ ಈ ಹೊಸ ಸಾಹೇಬನ ತಂಬು ಇತ್ತು. ಕೆಂಪು ಮುಖದ, ನೀಳ ಕಾಲಿನ ಸಾಹೇಬ ಮಡಚುವ ಕುರ್ಚಿಯಲ್ಲಿ ಕೂತು ನಕ್ಷೆ ನೋಡುತ್ತಿದ್ದ. ಅವನ ಪಕ್ಕ ಒಬ್ಬ ಮುನ್ಶಿ, ಉರ್ದುವನ್ನು ಇಂಗ್ಲಿಷಿಗೆ ಮಾಡುವವನು. ಆಯಿಗೆ ಬರುವುದು ಕನ್ನಡ. ಹಾಗಾಗಿ ಆಯಿ ಕಾಕಾನಿಗೆ ಹೇಳಬೇಕು, ಕಾಕಾ ಉರ್ದುವಿನಲ್ಲಿ ಮುನ್ಶಿಗೆ, ಮುನ್ಶಿ ಸಾಹೇಬನಿಗೆ. ಇದನ್ನು ಕಂಡ ಕೂಡಲೇ ಕಾಕಾನ ಹೊಟ್ಟೆನೋವು ವಾಸಿಯಾಯಿತು. ಆಯಿ ಬಾವಿಯ ವಿಷಯವನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಕಾಕಾ ಅದನ್ನು ಉರ್ದುವಿನಲ್ಲಿ ಹೇಳಿದ್ದು ಇಷ್ಟೇ: ಈ ಮುದುಕಿಗೆ ಸಾಹೇಬರ ದರ್ಶನ ಮಾಡಿ ಒಂದು ಪುಸ್ತಕ ತೋರಿಸುವ ಆಸೆ. ಅಪ್ಪನ ಹಿಂದೆ ಕಚೇರಿಗೆ ಹೋಗಿ ಬರುತ್ತಿದ್ದ ನನಗೆ ಅಷ್ಟು ಉರ್ದು ತಿಳಿಯುತ್ತಿತ್ತು.

ಸಾಹೇಬ ಪುಸ್ತಕ ಕೈಗೆ ತೆಗೆದುಕೊಂಡ. ಮೊದಲ ಪುಟ ತೆರೆದವನೇ ಎದ್ದು ನಿಂತ. ಅದು ಅವನ ತಾಯಿಯ ತವರಿನ ಕಡೆಯ ರೈಲಂತೆ. ಚಿಕ್ಕವನಿದ್ದಾಗ ಅದೇ ಹಸಿರು ಇಂಜಿನ್ನಿನ ಹಿಂದೆ ಕೂತು ಅಜ್ಜಿಯ ಮನೆಗೆ ಹೋಗುತ್ತಿದ್ದನಂತೆ. ಒಂದೊಂದು ಇಂಜಿನ್ನಿಗೂ ಬೆರಳಿಟ್ಟು ಅದರ ಹೆಸರು ಹಿಡಿದು ಕರೆದ. ಒಂದು ಡಬ್ಬಿಯ ಚಿತ್ರ ನೋಡಿ ನಕ್ಕ, ಇನ್ನೊಂದನ್ನು ನೋಡಿ ಕಣ್ಣು ಒರೆಸಿಕೊಂಡ. ನಮಗೆಲ್ಲ ಚಹಾ ತರಿಸಿದ. ಮಾಳಪ್ಪ ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತ, ಸಾಹೇಬನೂ ಪುರಾಣ ಬಲ್ಲವನು ಎಂದು ಮೆಚ್ಚಿಕೊಂಡ.

"ಏನಂತಾನ?" ಆಯಿ ಕೇಳಿದಳು.

"ವಿಚಾರ ಮಾಡ್ಲತ್ಯಾನ ಅವ್ವಾ," ಕಾಕಾ ಹೇಳಿದ.

"ಹಿಂದಿನ ಪುಟ ನೋಡಿ ಏನ್ ವಿಚಾರ ಮಾಡ್ತಾನ? ನೀಲಿ, ಬಾವಿ ಪುಟ ತೆಗಿ. ನೀ ತಿರುವಾಕಿ, ನಿನಗ ಗೊತ್ತದ."

ನಾನು ಪುಟ ತೆಗೆದೆ. ಹಳಿ ಬಾಗಿದ ಚಿತ್ರ ಬಂತು. ಆಯಿ ಅದರ ಮೇಲೆ ಕೈಯಿಟ್ಟು, ಇದೇ, ಇದನ್ನು ಓದು ಎಂದು ಸಾಹೇಬನಿಗೆ ಕನ್ನಡದಲ್ಲೇ ಹೇಳಿದಳು. ಸಾಹೇಬ ಬಗ್ಗಿ ಕೆಳಗಿನ ಸಾಲು ಓದಿದ. ಮುನ್ಶಿ ಉರ್ದು ಮಾಡಿದ. ಇಷ್ಟು ಉದ್ದದ ತಿರುವು, ಇಂಥ ಊರಿನ ಹತ್ತಿರ ಎಂಬುದಿಷ್ಟೇ ಅಲ್ಲಿ ಇದ್ದದ್ದು. ಕಾಕಾ ಕನ್ನಡ ಮಾಡಲು ಬಾಯಿ ತೆರೆದ. ಅವನು ಇನ್ನೊಂದು ಸುಳ್ಳು ಹೇಳುತ್ತಾನೆ, ಆಯಿ ನಂಬುತ್ತಾಳೆ, ಬಾವಿ ಮುಚ್ಚುವ ದಿನ ಆಕೆ ಪುಸ್ತಕ ಹಿಡಿದು ಹೊಲದಲ್ಲಿ ನಿಲ್ಲುತ್ತಾಳೆ. ಇದೆಲ್ಲ ನನ್ನ ಕಣ್ಣಿಗೆ ಕಟ್ಟಿತು. ಅಳು ಬಂತು.

"ಆಯೀ, ಅದು ಪುಸ್ತಕದಾಗ ಇಲ್ಲ. ಮೇರಿಬಾಯಿ ಇಲ್ಲ. ನಾ ಕಟ್ಟಿದ್ದು."

ಮಾಳಪ್ಪ ಬಸಿ ಕೆಳಗಿಟ್ಟ. ಕಾಕಾ ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದ. ಆಯಿ ನನ್ನನ್ನು ನೋಡಿದಳು, ಮಗನನ್ನು ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು.

"ಖರೇ ನೀ ಕಟ್ಟಿದ್ದು?"

"ಹ್ಞೂಂ."

"ಹಾಂಗಾದ್ರ ನಿನಗ ಪೂರಾ ಬರ್ತದ. ಅಳಬ್ಯಾಡ, ಸಾಹೇಬಗ ಹೇಳು. ಮುನ್ಶಿ, ನೀವು ಹೇಳ್ರಿ. ಇಂವಾ ಬ್ಯಾಡ," ಎಂದು ಕಾಕಾನನ್ನು ಪಕ್ಕಕ್ಕೆ ಸರಿಸಿದಳು.

ನನ್ನ ಒಡಕು ಉರ್ದುವಿನಲ್ಲಿ, ಮಾತು ಸಾಲದ ಕಡೆ ಕೈ ಆಡಿಸುತ್ತ, ನಾನು ಕಥೆ ಹೇಳಿದೆ. ಇಂಜಿನ್ನು ನಿಂತದ್ದನ್ನು ನಿಂತು ತೋರಿಸಿದೆ. ಮೇರಿಬಾಯಿಯ ಹಸಿರು ಸೀರೆ ಬಂದಾಗ ಸಾಹೇಬ ಬಾಯಿಗೆ ಕರವಸ್ತ್ರ ಹಿಡಿದ. ಮುಗಿದ ಮೇಲೆ ನಮ್ಮ ಬಾವಿಯ ವಿಷಯವನ್ನೂ ಹೇಳಿದೆ, ಬುಟ್ಟಿ ಹೊತ್ತದ್ದನ್ನು, ಹೊಟ್ಟೆಯಲ್ಲಿ ಅಪ್ಪ ಇದ್ದದ್ದನ್ನು. ಸಾಹೇಬ ನಗು ನಿಲ್ಲಿಸಿದ. ನಕ್ಷೆ ನೋಡಿದ. ಆಮೇಲೆ ಮುನ್ಶಿಯ ಕೈಲಿ ಒಂದು ಮಾತು ಕೇಳಿಸಿದ: ಬೇಸಗೆಯಲ್ಲಿ ಆ ಬಾವಿಯಲ್ಲಿ ನೀರು ಎಷ್ಟಿರುತ್ತದೆ?

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ಆಯಿಯ ಮುಖ ಅರಳಿತು. ಬಾವಿಯನ್ನು ಹೊಗಳಲು ಯಾರಾದರೂ ಒಂದು ಅವಕಾಶ ಕೊಟ್ಟರೆ ಸಾಕು, ಆಕೆಗೆ ಹಸಿವು ನೀರಡಿಕೆ ಇರುತ್ತಿರಲಿಲ್ಲ.

"ಉರಿ ಬ್ಯಾಸಗ್ಯಾಗೂ ಮೂರ ಆಳು ನೀರು! ಒಮ್ಮಿ ಬತ್ತಿಲ್ಲ. ಮತ್ತ ಎಂಥಾ ನೀರು ಅಂತೀರಿ, ತೊಗರಿ ಬ್ಯಾಳಿ ಒಂದ ಕುದಿಗಿ ಬೆಣ್ಣಿ ಆಗ್ತದ. ಗಡಗಿ ತಳದಾಗ ಒಂದು ಚೂರು ಬಿಳಿ ಕಟ್ಟಂಗಿಲ್ಲ."

ನಾನು ಉರ್ದು ಮಾಡಿದೆ, ಮುನ್ಶಿ ಸಾಹೇಬನಿಗೆ ಹೇಳಿದ. ಸಾಹೇಬ ಅದನ್ನು ಎರಡು ಸಲ ಕೇಳಿ ಪೆನ್ಸಿಲಿನಲ್ಲಿ ಬರೆದುಕೊಂಡ. ಮರುದಿನ ಕುದುರೆ ಹತ್ತಿ ಬಾವಿಗೆ ಬಂದ. ನೀರು ಕುಡಿದು ತಲೆದೂಗಿದ, ನಾಲ್ಕು ಸೀಸೆಗಳಲ್ಲಿ ತುಂಬಿಕೊಂಡು ಹೋದ. ತಿಂಗಳ ಮೇಲೆ ಆಳುಗಳು ಬಂದು ಆ ಎರಡು ಗೂಟಗಳನ್ನು ಕಿತ್ತು ಬಾವಿಯಿಂದ ಇಪ್ಪತ್ತು ಮಾರು ಆಚೆ ನೆಟ್ಟರು. ಹಳಿ ಬಾಗಿತು! ಅಂದು ನಮ್ಮ ಮನೆಯಲ್ಲಿ ಹೋಳಿಗೆ. ಚಿಕ್ಕವ್ವ ಲಟ್ಟಣಿಗೆಗೆ ತಾನೇ ಕುಂಕುಮ ಹಚ್ಚಿದಳು. ಆಯಿ ನನ್ನನ್ನು ಪಂಕ್ತಿಯ ಕೊನೆಯಿಂದ ಎಬ್ಬಿಸಿ ತನ್ನ ಪಕ್ಕ ಕೂರಿಸಿಕೊಂಡು ಮೊದಲ ಹೋಳಿಗೆ ನನಗೆ ಬಡಿಸಿದಳು. ಕಥೆ ಕಟ್ಟಿ ಬಾವಿ ಉಳಿಸಿದೆ ಎಂದು ನಾನು ಎರಡು ವರ್ಷ ಊರಲ್ಲಿ ತಲೆ ಎತ್ತಿ ತಿರುಗಿದೆ. ಅಷ್ಟು ಜಂಬ ನನಗೆ ಮತ್ತೆ ಯಾವತ್ತೂ ಬಂದಿಲ್ಲ.

ಇಂಜಿನ್ನು ಬೆಂಕಿ ತಿನ್ನುವುದು ಎಲ್ಲರಿಗೂ ಗೊತ್ತಿತ್ತು. ಅದು ನೀರು ಕುಡಿಯುತ್ತದೆ, ಅದೂ ಸಿಹಿನೀರನ್ನೇ ಬೇಡುತ್ತದೆ, ಸೌಳು ನೀರಾದರೆ ಅದರ ಹೊಟ್ಟೆಯೊಳಗೆ ನಮ್ಮ ಗಡಿಗೆಯ ತಳದ ಹಾಗೆ ಬಿಳಿ ಕಟ್ಟಿ ಕೆಡುತ್ತದೆ ಎಂಬುದು ನಮ್ಮ ಪುರಾಣದಲ್ಲಿ ಬಂದಿರಲಿಲ್ಲ. ಪುಸ್ತಕ ಕೊಟ್ಟ ಹಳೆಯ ಸಾಹೇಬ ಕಾಕಾನಿಗೆ ಹೇಳಿದ್ದನೋ, ಕಾಕಾ ಮರೆತಿದ್ದನೋ, ಅದೂ ಅಯ್ಯನವರ ಹನ್ನೊಂದು ಪದ್ಯದ ಹಾಗೆ ಎಲ್ಲೋ ಹಾರಿಹೋಗಿತ್ತು. ಹಳಿ ಹಾಕಿದ ಮೇಲೆ ಬಾವಿಯ ಪಕ್ಕದಲ್ಲಿ ಕಲ್ಲಿನ ಕಟ್ಟೆ ಎದ್ದಿತು, ಅದರ ಮೇಲೆ ಕಬ್ಬಿಣದ ದೊಡ್ಡ ತೊಟ್ಟಿ, ಬಾವಿಯೊಳಗೆ ಪಂಪು. ಕಾಗದ ಬಂತು; ಬಾವಿ ರೈಲಿಗೆ ಸೇರಿತು. ಸುತ್ತ ತಂತಿಯ ಬೇಲಿ, ಬೇಲಿಗೆ ಒಂದು ಗೇಟು, ಗೇಟಿಗೆ ಎಲ್ಲಿಂದಲೋ ಬಂದ ಒಬ್ಬ ಚೌಕಿದಾರ. ಹೊಸ ಸಾಹೇಬ ಒಳ್ಳೆಯವನೇ. ಮುದುಕಿಗೆ ದಿನಕ್ಕೆ ಎರಡು ಕೊಡ ನೀರು ಬಿಡಬೇಕು ಎಂದು ಒಂದು ಚೀಟಿ ಬರೆದು ಕಳಿಸಿದ್ದ. ಆಯಿ ಆ ಚೀಟಿಯನ್ನು ಪುಸ್ತಕದೊಳಗಿಟ್ಟಳು. ಒಂದು ದಿನವೂ ಗೇಟಿನ ಹತ್ತಿರ ಹೋ‌ಗಲಿಲ್ಲ.

ಮೊದಲ ಗಾಡಿ ಬಂದ ದಿನ ಊರಿಗೆ ಊರೇ ಹೊಲದಲ್ಲಿತ್ತು. ಕಾಕಾ ಸ್ಟೇಷನ್ನಿನಲ್ಲಿ ಬಾವುಟ ತೋರಿಸುವ ಕೆಲಸಕ್ಕೆ ಸೇರಿದ್ದ. ಟೊಪ್ಪಿಗೆಗೆ ಕೊನೆಗೂ ಒಂದು ಅರ್ಥ ಬಂದಿತ್ತು. ಇಂಜಿನ್ನು ಬಂದು ಸರಿಯಾಗಿ ಬಾವಿಯ ಎದುರಿಗೆ ನಿಂತಿತು. ನಿಂತು, ತೊಟ್ಟಿಯ ಸೊಂಡಿಲು ಬಾಯಿಗಿಟ್ಟುಕೊಂಡು ಕುಡಿಯಿತು.

"ಯಪ್ಪಾ! ಐವತ್ತು ಎಮ್ಮಿ ನೀರು ಒಂದ ಗುಟುಕಿಗಿ!" ಮಾಳಪ್ಪ ಕೂಗಿದ.

ಜನ ನಕ್ಕರು. ನನ್ನ ಕಥೆಯ ಇಂಜಿನ್ನೂ ಬಾವಿಯ ಹತ್ತಿರವೇ ನಿಂತಿತ್ತು. ನಾನು ಆಯಿಯ ಮುಖ ನೋಡುವ ಧೈರ್ಯ ಮಾಡಲಿಲ್ಲ. ಮನೆಯಲ್ಲಿ ಅಂದಿನಿಂದ ಊರಬಾವಿಯ ಸೌಳು ನೀರು. ಬೇಳೆ ಎಷ್ಟು ಕುದಿಸಿದರೂ ಕಲ್ಲು. ಚಿಕ್ಕವ್ವ ಒಲೆಯ ಮುಂದೆ ಕೂತು ಇಡೀ ರೈಲು ಜಾತಿಗೇ ಶಾಪ ಹಾಕುತ್ತಿದ್ದಳು. ಆಯಿ ಮಾತ್ರ ಬೇಳೆ ಅಗಿದು ಅಗಿದು ಉಣ್ಣುತ್ತಿದ್ದಳು, ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ವರ್ಷ ಶ್ರಾವಣ ಬಂತು. ಕಾಕಾನಿಗೆ ಸಂಜೆ ಗಾಡಿಯ ಕೆಲಸ. ಪೀಠ ಮತ್ತೆ ಖಾಲಿ. ಆಯಿ ನನ್ನನ್ನು ಕರೆದು, ಮುಖ ತೊಳೆದು ವಿಭೂತಿ ಹಚ್ಚಿಕೊಂಡು ಕೂತುಕೋ ಎಂದಳು. ಹೆಣ್ಣುಹುಡುಗಿ ಪೀಠದ ಮುಂದೆಯೇ ಎಂದು ಯಾರೋ ಗೊಣಗಿದರು. ಶರಣೆಯರು ಬಾಯಿ ಮುಚ್ಚಿಕೊಂಡಿದ್ದರೇನು ಎಂದು ಆಯಿ ಒಂದೇ ಮಾತಿನಲ್ಲಿ ಅವರ ಬಾಯಿ ಮುಚ್ಚಿಸಿದಳು. ನಾನು ಪುಸ್ತಕ ತೆರೆದೆ. ಎಲ್ಲಿಂದ ಎಂದು ಕೇಳಿದೆ.

"ಮೇರಿಬಾಯಿದು."

ನಾನು ಶುರು ಮಾಡಿದೆ. ಹೊಲ, ಬಾವಿ, ಹಸಿರು ಸೀರೆ. ಇಂಜಿನ್ನು ಬರುವ ಕಡೆ ಬಂದಾಗ ಪುಸ್ತಕದಿಂದ ಕಣ್ಣೆತ್ತಿದೆ. ಇನ್ನೊಂದು ಸಲ ಈ ಮುದುಕಿಗೆ ಸುಳ್ಳು ಹೇಳಲಾರೆ ಅನ್ನಿಸಿತು. ಕಂಡದ್ದನ್ನೇ ಹೇಳಿಬಿಡೋಣ ಎಂದುಕೊಂಡು, ರೈಲಿನವರು ಆಮೇಲೆ ಬಾವಿಗೆ ತಂತಿ ಹಾಕಿದರು, ಗೇಟು ಇಟ್ಟರು ಎಂದೆ. ಆಯಿ ಕೈ ಎತ್ತಿ ನನ್ನನ್ನು ನಿಲ್ಲಿಸಿದಳು.

"ಅದು ನಾ ಕಣ್ಣಲೆ ನೋಡೀನಿ ನೀಲಿ. ನೀ ಪುಸ್ತಕದಾಗಿಂದು ಓದು."